ಕಡಿಮೆ ಬಂದದ್ದನ್ನೇ ಬರೆದ ಪುಸ್ತಕ

ಹರಿಹರದ ಆ ಓಣಿಯಲ್ಲಿ ಪಂಚಾಕ್ಷರಪ್ಪನವರ ಬಿ.ಪಿ. ಡಬ್ಬಿಯ ಬಗ್ಗೆ ಒಂದು ತಮಾಷೆ ಇತ್ತು. ಆ ಡಬ್ಬಿಯಲ್ಲಿ ಪಾದರಸ ಮೇಲೆ ಹೋಗುವುದೇ ಇಲ್ಲ, ಹೋದರೂ ಪಂಚಾಕ್ಷರಪ್ಪ ಕಾಲು ಹಿಡಿದು ಕೆಳಗೆ ಎಳೆಯುತ್ತಾರೆ ಎಂದು. ಪಕ್ಕದ ಮನೆಯ ಖತೀಜಾಬೀ ಆಸ್ಪತ್ರೆಯಲ್ಲಿ ನೂರಾ ಎಪ್ಪತ್ತು ಅನ್ನಿಸಿಕೊಂಡು ಮುಖ ಸಣ್ಣಗೆ ಮಾಡಿಕೊಂಡು ಬಂದರೆ, ಸೀದಾ ತಮ್ಮ ಮನೆಗೆ ಹೋಗದೆ ಇವರ ಕಟ್ಟೆ ಹತ್ತುತ್ತಿದ್ದರು. "ಕಂಪೌಂಡರ್ ಸಾಬ್, ನೀವೊಮ್ಮೆ ನೋಡ್ರಿ. ಅವರು ಗಡಿಬಿಡಿಯಾಗೆ ಏನು ನೋಡಿದ್ರೋ ಏನೋ." ಪಂಚಾಕ್ಷರಪ್ಪ ನೋಡುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಸಲಕ್ಕೆ ಖತೀಜಾಬೀಯವರ ಏದುಸಿರೂ ಇಳಿದು, ಮಗನ ಮೇಲಿನ ಸಿಟ್ಟೂ ಇಳಿದು, ಬಿ.ಪಿ.ಯೂ ಒಂದಿಷ್ಟು ಇಳಿದಿರುತ್ತಿತ್ತು. "ನೂರಾ ನಲವತ್ತೆಂಟು. ಏನಿಲ್ಲ ಹೋಗ್ರಿ. ಉಪ್ಪಿನಕಾಯಿ ಕಮ್ಮಿ ಮಾಡ್ರಿ, ಮಾತ್ರೆ ಬಿಡಬ್ಯಾಡ್ರಿ" ಎಂದು ಕಳಿಸುತ್ತಿದ್ದರು.

ಇದನ್ನು ಮೋಸ ಎನ್ನಬೇಡಿ, ಅವರ ಕೆಲಸದ ಪದ್ಧತಿಯೇ ಅದು. ಮೂವತ್ತೆಂಟು ವರ್ಷ ಸ್ಟೇಷನ್ ಹತ್ತಿರದ ಒಬ್ಬ ಡಾಕ್ಟರ ಕೈಕೆಳಗೆ ಕಂಪೌಂಡರ್ ಆಗಿದ್ದವರು ಅವರು. ಸೇರಿದ ಮೊದಲ ವಾರವೇ ಡಾಕ್ಟರು ಹೇಳಿಕೊಟ್ಟಿದ್ದರು: "ಪಂಚಾಕ್ಷರಿ, ಜನ ಇಲ್ಲಿಗೆ ಬರೋ ಹೊತ್ತಿಗೇ ಅರ್ಧ ಜೀವ ಆಗಿರ್ತಾರೆ. ಮೂರು ಸಲ ನೋಡು, ಕಡಿಮೆ ಬಂದದ್ದನ್ನ ಚೀಟಿಯಾಗೆ ಬರಿ. ಹೆದರಿಸಬ್ಯಾಡ." ಹೊರಗಿನ ಬೆಂಚಿನ ಮೇಲೆ ಪಂಚಾಕ್ಷರಪ್ಪ ಬರೆದುಕೊಟ್ಟ ಚೀಟಿ ಹಿಡಿದು ಜನ ಸಮಾಧಾನವಾಗಿ ಒಳಗೆ ಹೋಗುತ್ತಿದ್ದರು. ಒಳಗೆ ಡಾಕ್ಟರು ತಾವೇ ಇನ್ನೊಮ್ಮೆ ನೋಡಿ ಬೇಕಾದ ಔಷಧಿ ಕೊಡುತ್ತಿದ್ದರು. ಡಾಕ್ಟರು ತೀರಿಕೊಂಡ ಮೇಲೆ ಅವರ ಮನೆಯವರು ಆ ಹಳೇ ಡಬ್ಬಿಯನ್ನೂ ಸ್ಟೆತಾಸ್ಕೋಪನ್ನೂ ಇವರಿಗೇ ಕೊಟ್ಟುಬಿಟ್ಟರು. ಪಂಚಾಕ್ಷರಪ್ಪ ಅದನ್ನು ಹಳೇ ರೇಷ್ಮೆ ಶಲ್ಯದಲ್ಲಿ ಸುತ್ತಿ ದೇವರ ಮನೆಯ ಗೂಡಿನಲ್ಲಿಟ್ಟರು.

ಮಗಳು ನಯನಾಳ ಚೊಚ್ಚಲ ಬಸುರಿಗೆ ಆ ಡಬ್ಬಿ ಗೂಡಿನಿಂದ ಹೊರಗೆ ಬಂತು.

ಏಳನೇ ತಿಂಗಳಲ್ಲಿ ಕುಬಸ ಮಾಡಿ, ಮಡಿಲು ತುಂಬಿ, ಹೆಂಡತಿ ಅನ್ನಪೂರ್ಣಮ್ಮ ಮಗಳನ್ನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಗಂಡನ ಮನೆಯಿಂದ ತವರಿಗೆ ಕರೆತಂದಿದ್ದರು. ಬಂದ ಎರಡೇ ವಾರಕ್ಕೆ ನಯನಾಳ ಕಾಲು ಊದಿಕೊಂಡಿತು, ಬಿ.ಪಿ. ಏರತೊಡಗಿತು. ದಾವಣಗೆರೆಯ ಡಾಕ್ಟರಮ್ಮ ಪುಷ್ಪಲತಾ ಮಾತ್ರೆ ಕೊಟ್ಟು, ಒಂದು ಇನ್ನೂರು ಪೇಜಿನ ನೋಟ್‌ಬುಕ್ ತರಿಸಿ, ಗೆರೆ ಹಾಕಿ ತೋರಿಸಿದರು. "ದಿನಕ್ಕೆ ಎರಡು ಸಲ ನೋಡಿ ಬರೀಬೇಕು. ಬಿ.ಪಿ. ತೀರಾ ಏರಿದ್ರೆ ಹೆರಿಗೆಗೆ ಮೊದಲೇ ಮಾಸು ಒಳಗೇ ಕಿತ್ತು ಬರಬಹುದು. ಆಗ ಕೂಸಿಗೂ ಕಷ್ಟ, ತಾಯಿಗೂ ಕಷ್ಟ. ನೂರಾ ಐವತ್ತು ದಾಟಿದ್ರೆ ನನಗೆ ಫೋನ್ ಮಾಡ್ರಿ. ಯಾವಾಗ ಹೆರಿಗೆ ಮಾಡಿಸಬೇಕು ಅನ್ನೋದನ್ನ ಈ ಪುಸ್ತಕನೇ ಹೇಳುತ್ತೆ."

ಪಂಚಾಕ್ಷರಪ್ಪನವರಿಗೆ ಅವತ್ತು ಹಿಗ್ಗೋ ಹಿಗ್ಗು. ನಿವೃತ್ತಿಯಾಗಿ ಆರು ವರ್ಷಕ್ಕೆ ಮತ್ತೆ ಡ್ಯೂಟಿ ಸಿಕ್ಕಿತ್ತು, ಅದೂ ಮಗಳ ಹೊಟ್ಟೆಯಲ್ಲಿರುವ ಮೊಮ್ಮಗುವಿನ ಡ್ಯೂಟಿ! ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಗಳನ್ನು ಕೂರಿಸಿಕೊಂಡು ಡಬ್ಬಿ ತೆರೆಯುತ್ತಿದ್ದರು. ನಯನಾಳೂ ತಮಾಷೆ ಮಾಡುವಳು: "ಬಂದ್ರಪ್ಪ ದೊಡ್ಡ ಡಾಕ್ಟ್ರು, ಫೀಸ್ ಎಷ್ಟು ಸರ್?" ಮೊದಲ ಸಲ ನೂರಾ ಐವತ್ತೆಂಟು ಬರುತ್ತಿತ್ತು. ಎಷ್ಟು ಬಂತು ಎಂದು ಮಗಳು ಕೇಳಿದರೆ, "ಮೆಟ್ಟಿಲು ಹತ್ತಿ ಬಂದಿ, ತಡಿ" ಎನ್ನುವರು. ಎರಡನೆಯ ಸಲ ನೂರಾ ಐವತ್ತೆರಡು. "ಮಾತಾಡಬ್ಯಾಡ, ಕಣ್ಣು ಮುಚ್ಚಿಕೋ." ಮೂರನೆಯ ಸಲ ನೂರಾ ನಲವತ್ತು, ನಲವತ್ತೆರಡು. ದುಂಡಗಿನ ಅಕ್ಷರದಲ್ಲಿ ಅದನ್ನು ಬರೆಯುವರು. ಮೊದಲೆರಡನ್ನು ಬರೆಯಬೇಕು ಎಂದು ಅವರ ಮನಸ್ಸಿಗೆ ಬರಲೇ ಇಲ್ಲ. ಮೂವತ್ತೆಂಟು ವರ್ಷ ಬರೆದಿರಲಿಲ್ಲ, ಈಗ ಹೇಗೆ ಬಂದೀತು?

ಬರಲೇ ಇಲ್ಲ ಎಂದರೆ ಅದೂ ಪೂರಾ ನಿಜವಲ್ಲ. ಎಂಟರಲ್ಲಿ ಹುಟ್ಟಿದ ಕೂಸು ದಕ್ಕುವುದಿಲ್ಲ ಎಂದು ಅನ್ನಪೂರ್ಣಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. "ಎಂಟರಾಗೆ ಮಾತ್ರ ತೆಗೆಸಬ್ಯಾಡ್ರಿ, ಒಂಬತ್ತು ಬೀಳಲಿ." ಪಂಚಾಕ್ಷರಪ್ಪ "ಹುಚ್ಚಿ, ಅದೆಲ್ಲಾ ಹಳೇ ಕಾಲದ್ದು" ಎಂದು ಬಾಯಲ್ಲಿ ಬೈಯುತ್ತಿದ್ದರು. ಪಾದರಸ ನೋಡುವಾಗ ಮಾತ್ರ, ಇಳಿ, ಇನ್ನೊಂದು ಗೆರೆ ಇಳಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು.

ಮೂವತ್ತೈದು ವಾರ ತುಂಬಿದ ಸೋಮವಾರ ದಾವಣಗೆರೆಗೆ ಕರೆದೊಯ್ದರು. ಡಾಕ್ಟರಮ್ಮ ತಾವೇ ನೋಡಿ ಹುಬ್ಬು ಗಂಟಿಕ್ಕಿದರು. "ನನಗೆ ನೂರಾ ಐವತ್ತಾರು ಬರ್ತಾ ಐತೆ. ಇವತ್ತೇ ಅಡ್ಮಿಟ್ ಮಾಡ್ಕೊಂಡು ಹೆರಿಗೆ ಮಾಡಿಸೋಣ ಅಂತ ನನ್ನ ಮನಸ್ಸು." ಆಮೇಲೆ ಪುಸ್ತಕ ತಿರುವಿದರು. ಪುಟದ ಮೇಲೆ ಪುಟ ನೂರಾ ನಲವತ್ತು, ನೂರಾ ನಲವತ್ತೆರಡು, ನೂರಾ ಮೂವತ್ತೆಂಟು. "ಮನೆಯಾಗೆ ಇಷ್ಟು ಚೆನ್ನಾಗೈತಲ್ಲ? ಹಂಗಾದ್ರೆ ಇಲ್ಲಿಗೆ ಬಂದ ಗಾಬರಿಗೆ ಏರಿರಬೇಕು. ಇವು ಸರಿಯಾಗಿ ನೋಡಿದ್ದು ತಾನೇ?"

ಆ ಪ್ರಶ್ನೆ ಇವತ್ತಿಗೂ ಪಂಚಾಕ್ಷರಪ್ಪನವರ ಕಿವಿಯಲ್ಲಿದೆ. ಎಷ್ಟು ಮೆತ್ತಗೆ ಕೇಳಿದ್ದರು ಆಕೆ! ಒಂದೇ ಒಂದು ಮಾತು, "ಮೇಡಂ, ಇವು ಮೂರನೇ ಸಲದವು" ಅಂದಿದ್ದರೆ ಸಾಕಾಗಿತ್ತು. ಅವರು ಎದೆ ಸೆಟೆಸಿ ಹೇಳಿದ್ದೇ ಬೇರೆ: "ಮೂವತ್ತೆಂಟು ವರ್ಷ ಇದೇ ಕೆಲಸ ಮಾಡೀನ್ರಿ ಮೇಡಂ."

"ಹಂಗಾದ್ರೆ ನಿಮ್ಮ ಪುಸ್ತಕನೇ ನಂಬ್ತೀನಿ" ಎಂದು ಡಾಕ್ಟರಮ್ಮ ನಕ್ಕರು. "ಕೂಸು ಇನ್ನೊಂದು ವಾರ ಒಳಗೇ ಬೆಳೀಲಿ. ಮುಂದಿನ ಸೋಮವಾರ ಬರ್ರಿ."

ಮುಂದಿನ ಸೋಮವಾರ ಬರಲಿಲ್ಲ. ಶನಿವಾರ ಹನ್ನೊಂದು ಗಂಟೆಗೆ, ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಯನಾ ಹೊಟ್ಟೆ ಹಿಡಿದುಕೊಂಡು "ಅಪ್ಪಾಜಿ" ಎಂದಳು. ಹೊಟ್ಟೆ ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ಸೀರೆ ರಕ್ತದಲ್ಲಿ ನೆನೆದಿತ್ತು. ಖತೀಜಾಬೀ ಮಗ ಅಶ್ಫಾಕ್ ತನ್ನ ಕಾರು ತೆಗೆದ. ಹರಿಹರದಿಂದ ದಾವಣಗೆರೆಗೆ ಎಷ್ಟು ದೂರ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ ಅನ್ನುತ್ತಾರೆ. ಪಂಚಾಕ್ಷರಪ್ಪನವರಿಗೆ ಅವತ್ತು ಆ ದಾರಿ ಮುಗಿಯಲೇ ಇಲ್ಲ. ಆಸ್ಪತ್ರೆಯಲ್ಲಿ ಬಿ.ಪಿ. ನೂರಾ ಎಂಬತ್ತಿತ್ತು. ಮಾಸು ಒಳಗೇ ಕಿತ್ತು ಬಂದಿತ್ತು. ಆರು ಬಾಟಲಿ ರಕ್ತ ಕೊಟ್ಟು ನಯನಾಳನ್ನು ಉಳಿಸಿಕೊಂಡರು. ಗಂಡು ಕೂಸು, ತಲೆತುಂಬಾ ಕೂದಲು, ಉಗುರು ಸಮೇತ ಎಲ್ಲಾ ಮೂಡಿತ್ತು. ಉಸಿರೊಂದು ಇರಲಿಲ್ಲ.

ಡಾಕ್ಟರಮ್ಮ ಆ ಸಂಜೆ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿದರು. "ಇಷ್ಟು ಚೆನ್ನಾಗಿ ನೋಡ್ಕೊಂಡೀರಿ. ಒಮ್ಮೊಮ್ಮೆ ಸೂಚನೆನೇ ಕೊಡದಂಗೆ ಹಿಂಗಾಗುತ್ತೆ. ನಿಮ್ಮದೇನೂ ತಪ್ಪಿಲ್ಲ" ಎಂದು ಪಂಚಾಕ್ಷರಪ್ಪನವರ ಭುಜ ಮುಟ್ಟಿದರು. ಅವರು ತಲೆ ತಗ್ಗಿಸಿ ಪುಸ್ತಕ ಇಸಿದುಕೊಂಡರು. ಅಳಿಯ ಸಂತೋಷ ಕೂಸನ್ನು ಬಿಳೀ ಬಟ್ಟೆಯಲ್ಲಿ ಎತ್ತಿಕೊಂಡು ಶಾಮನೂರಿನ ತಮ್ಮ ಹೊಲಕ್ಕೆ ಹೋದ. ಮಣ್ಣು ಮುಚ್ಚುವಾಗ ಪಂಚಾಕ್ಷರಪ್ಪನವರಿಗೆ ಒಂದು ಸಂಗತಿ ಹೊಳೆಯಿತು. ಆಗೆಲ್ಲ ತಾವು ಕಡಿಮೆ ಬರೆದರೂ ಒಳಗೆ ಡಾಕ್ಟರು ಕೂತಿರುತ್ತಿದ್ದರು. ಈ ಸಲ ಒಳಗಿನ ಡಾಕ್ಟರೂ ತಮ್ಮ ಚೀಟಿಯನ್ನೇ ನಂಬಿದ್ದರು.

ಹೇಳಬೇಕಿತ್ತು. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಟ್ಟೆನೋವು ಬಂದ ಹಿಂದಿನ ದಿನ, ಶುಕ್ರವಾರ, ಅನ್ನಪೂರ್ಣಮ್ಮ ಮಗಳನ್ನು ಹರಿಹರೇಶ್ವರನ ಗುಡಿಗೆ ನಡೆಸಿಕೊಂಡು ಹೋಗಿ ಬಂದಿದ್ದರು. ಆಯಮ್ಮ ಅದನ್ನೇ ಹಿಡಿದುಕೊಂಡರು. "ನಾನೇ ನಡೆಸಿದೆ. ನಾನೇ ನನ್ನ ಮೊಮ್ಮಗನ್ನ ತಿಂದುಕೊಂಡೆ" ಎಂದು ಎರಡು ವರ್ಷ, ರೊಟ್ಟಿ ಬಡಿಯುವಾಗ, ಬಟ್ಟೆ ಮಡಚುವಾಗ, ಸುಮ್ಮನೆ ಕೂತಾಗ. ಪಂಚಾಕ್ಷರಪ್ಪ ಎದುರಿಗೆ ಪೇಪರ್ ಹಿಡಿದು ಕೂತಿರುತ್ತಿದ್ದರು. "ಇಲ್ಲ ಬಿಡೇ, ಅದರಿಂದೇನಾಗಲ್ಲ" ಎಂದಷ್ಟೇ ಹೇಳಿ ಪುಟ ತಿರುವುತ್ತಿದ್ದರು. ಆ ಡಬ್ಬಿಯನ್ನು ಮಾತ್ರ ಅವರು ಆಮೇಲೆ ಮುಟ್ಟಲಿಲ್ಲ. ಖತೀಜಾಬೀ ಕೇಳಿದರೆ, ಕೆಟ್ಟೈತೆ ಎನ್ನುವರು.

ನಯನಾ ಮತ್ತೆ ಬಸುರಾದಳು. ಈ ಸಲ ಡಾಕ್ಟರಮ್ಮ ಮೊದಲಿನಿಂದಲೇ ಮಾತ್ರೆ ಕೊಟ್ಟು ಹದಿನೈದು ದಿನಕ್ಕೊಮ್ಮೆ ಕರೆಸಿಕೊಂಡರು. ಎರಡನೆಯದಾದ್ದರಿಂದ ಅವಳು ಗಂಡನ ಮನೆಯಲ್ಲೇ ಉಳಿದಳು. ಸಂತೋಷ ಬ್ಯಾಟರಿಯ ಹೊಸ ಬಿ.ಪಿ. ಮಷಿನ್ ತಂದಿಟ್ಟ. ಪಂಚಾಕ್ಷರಪ್ಪ ನೆಮ್ಮದಿಯ ಉಸಿರು ಬಿಟ್ಟರು, ಒಂದಿಷ್ಟು ದಿನ ಮಾತ್ರ. ಮೂವತ್ತಮೂರು ವಾರ ದಾಟಿದ ಮೇಲೆ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಅಳಿಯನ ಫೋನ್ ಬಂತು.

"ಮಾವ, ಮಷಿನ್ನು ನಿನ್ನೆಯಿಂದ ನೂರಾ ಐವತ್ತೆಂಟು, ಅರವತ್ತು ತೋರಿಸ್ತೈತೆ. ಅಷ್ಟು ಬಂದ್ರೆ ತಕ್ಷಣ ಬರ್ರಿ, ಕಾಯೋದು ಬ್ಯಾಡ, ಹೆರಿಗೆ ಮಾಡಿಸ್ತೀವಿ ಅಂತ ಡಾಕ್ಟರಮ್ಮ ಹೇಳ್ಯಾರೆ. ಇವಳು ಹಠ ಹಿಡಿದು ಕೂತಾಳೆ. ಇಷ್ಟು ಬೇಗ ಬ್ಯಾಡ, ಮಷಿನ್ನೇ ಸುಳ್ಳು, ಅಪ್ಪಾಜಿ ಬಂದು ನೋಡ್ಲಿ ಅಂತಾಳೆ. ಡಬ್ಬಿ ತಗೊಂಡು ಬರ್ರಿ."

ಡಬ್ಬಿ ಕೆಟ್ಟೈತೆ ಎಂದು ಹೇಳಲು ಬಾಯಿ ತೆರೆದ ಪಂಚಾಕ್ಷರಪ್ಪ "ಬಂದೆ" ಎಂದರು. ಅನ್ನಪೂರ್ಣಮ್ಮನೂ ಸೆರಗು ಸರಿಮಾಡಿಕೊಂಡು ಹೊರಟರು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಪಂಚಾಕ್ಷರಪ್ಪ ಶಲ್ಯದ ಗಂಟನ್ನು ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದರು. ಆ ಗಂಟಿನಲ್ಲಿ ಹಳೇ ನೋಟ್‌ಬುಕ್ಕೂ ಇತ್ತು. ಅದನ್ನು ಯಾಕೆ ಇಟ್ಟುಕೊಂಡರೋ ಅವರಿಗೇ ಗೊತ್ತಿರಲಿಲ್ಲ.

ನಯನಾ ಸೋಫಾದ ಮೇಲೆ ದಿಂಬಿಗೆ ಒರಗಿದ್ದಳು. ಮುಖ ಊದಿತ್ತು. ಅಪ್ಪನನ್ನು ಕಂಡ ತಕ್ಷಣ ತೋಳು ಚಾಚಿದಳು. "ಬಂದ್ಯಾ ಅಪ್ಪಾಜಿ? ನೋಡು. ನಿನ್ನ ಕೈಯಾಗೆ ಯಾವತ್ತೂ ಸರಿ ಬರ್ತೈತೆ. ನೀನು ಪರವಾಗಿಲ್ಲ ಅಂದ್ರೆ ನಾನು ಇನ್ನೆರಡು ವಾರ ಕಾಯ್ತೀನಿ. ಅಂಗೈಯಷ್ಟು ಕೂಸನ್ನ ಗಾಜಿನ ಪೆಟ್ಟಿಗೆಯಾಗೆ ಇಟ್ಟು ನೋಡೋ ಧೈರ್ಯ ನನಗಿಲ್ಲ."

ಅವರು ಪಟ್ಟಿ ಸುತ್ತಿದರು. ಗಾಳಿ ತುಂಬಿ, ಸ್ಟೆತಾಸ್ಕೋಪನ್ನು ಕಿವಿಗಿಟ್ಟು, ನಿಧಾನಕ್ಕೆ ಬಿಟ್ಟರು. ನೂರಾ ಅರವತ್ತೆರಡಕ್ಕೆ ಮೊದಲ ಬಡಿತ ಕೇಳಿತು. ಗಟ್ಟಿಯಾಗಿ, ಸ್ಪಷ್ಟವಾಗಿ.

"ಎಷ್ಟು?"

ಅವರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದರು.

"ಹೆಚ್ಚು ಬಂತಾ? ಈಗ ತಾನೇ ಬಾತ್‌ರೂಮಿಗೆ ಹೋಗಿ ಬಂದೆ ಅಪ್ಪಾಜಿ, ಅದಕ್ಕೇ. ಇನ್ನೊಮ್ಮೆ ನೋಡು. ಕಣ್ಣು ಮುಚ್ಕೊಳ್ತೀನಿ" ಎಂದು ಮಗಳು ಯಾರೂ ಹೇಳಿಕೊಡದೆಯೇ ಕಣ್ಣು ಮುಚ್ಚಿದಳು. ಕಲಿಸಿದವರು ಇವರೇ ಅಲ್ಲವೇ! ಇನ್ನೊಮ್ಮೆ ನೋಡಿದರೆ ಇಳಿಯುತ್ತದೆ, ಮೂರನೆಯ ಸಲಕ್ಕೆ ಇನ್ನೂ ಇಳಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆರಳು ತಾನಾಗಿಯೇ ಗಾಳಿ ತುಂಬುವ ರಬ್ಬರ್ ಬುರುಡೆಯನ್ನು ಹಿಡಿದಿತ್ತು. ಅಯ್ಯೋ ಶಿವನೇ ಎಂದುಕೊಂಡರು. ಬುರುಡೆ ಬಿಟ್ಟು ಪಟ್ಟಿ ಬಿಚ್ಚಿದರು.

"ನೂರಾ ಅರವತ್ತೆರಡು. ಇನ್ನೊಮ್ಮೆ ನೋಡಲ್ಲ ತಾಯಿ. ನಡಿ, ಆಸ್ಪತ್ರೆಗೆ ಹೋಗೋಣ."

"ಯಾಕ? ಯಾವಾಗ್ಲೂ ಮೂರು ಸಲ ನೋಡ್ತಿದ್ದಿ."

"ಅದೇ ತಪ್ಪಾಗಿದ್ದು" ಎಂದರು ಪಂಚಾಕ್ಷರಪ್ಪ. ಆಮೇಲೆ ನಿಲ್ಲಿಸಲಾಗಲಿಲ್ಲ. ಹಳೇ ಪುಸ್ತಕ ತೆಗೆದು ಅವಳ ಮುಂದಿಟ್ಟರು. "ಇದರಾಗೆ ಬರೆದದ್ದೆಲ್ಲಾ ಮೂರನೇ ಸಲದ್ದು. ಮೊದಲು ಬಂದದ್ದು ದಿನಾ ನೂರಾ ಐವತ್ತರ ಮೇಲೇ ಇತ್ತು. ನಾನು ಬರೀಲಿಲ್ಲ. ಅವತ್ತು ಡಾಕ್ಟರಮ್ಮ ಅಡ್ಮಿಟ್ ಆಗ್ರಿ ಅಂದಾಗ ಈ ಪುಸ್ತಕ ನೋಡಿ ಬಿಟ್ಟು ಕಳಿಸಿದ್ರಲ್ಲ, ಅದು ನನ್ನಿಂದ. ಸೋಮವಾರನೇ ತೆಗೆದಿದ್ರೆ ಕೂಸು ಉಳೀತಿತ್ತೋ ಏನೋ. ನಿಮ್ಮಮ್ಮ ಗುಡಿಗೆ ನಡೆಸಿದ್ದಕ್ಕಲ್ಲ. ನನ್ನಿಂದ."

ನಯನಾ ಪುಸ್ತಕವನ್ನು ತೆರೆಯಲಿಲ್ಲ. ಅಪ್ಪನ ಮುಖ ನೋಡಿದಳು, ಆಮೇಲೆ ಅವರ ಕೈಗಳನ್ನು ನೋಡಿದಳು. "ನಾನು ದಿನಾ ಕೇಳ್ತಿದ್ನಲ್ಲ ಅಪ್ಪಾಜಿ, ಎಷ್ಟು ಬಂತು ಅಂತ" ಎಂದಳು. ಅಷ್ಟೇ. ಗಂಡನ ಕಡೆ ತಿರುಗಿ, "ಬ್ಯಾಗ್ ತಗೋ, ಹೋಗೋಣ" ಎಂದು ಎದ್ದಳು. ಏಳಲು ಪಂಚಾಕ್ಷರಪ್ಪ ಕೈ ಕೊಟ್ಟರು. ಅವಳು ಸೋಫಾದ ಹಿಡಿಕೆ ಹಿಡಿದುಕೊಂಡಳು.

ಡಾಕ್ಟರಮ್ಮ ತಡ ಮಾಡಲಿಲ್ಲ. ಬಿ.ಪಿ. ಇಳಿಸುವ ಇಂಜೆಕ್ಷನ್ ಕೊಟ್ಟು, ಕೂಸಿನ ಶ್ವಾಸಕೋಶ ಬಲಿಯಲು ಬೇರೆ ಎರಡು ಇಂಜೆಕ್ಷನ್ ಕೊಟ್ಟು, ಮೂರನೆಯ ದಿನ ಬೆಳಿಗ್ಗೆ ಆಪರೇಷನ್ ಮಾಡಿದರು. ಅದಕ್ಕೂ ಮುಂಚೆ ಪಂಚಾಕ್ಷರಪ್ಪ ಡಾಕ್ಟರಮ್ಮನ ಕೋಣೆಗೆ ಹೋಗಿ ಆಕೆಗೂ ಎಲ್ಲವನ್ನೂ ಒಪ್ಪಿಸಿದ್ದರು. ಬೈಯಲಿ ಎಂದು ಕಾದರು. ಆಕೆ ಬೈಯಲಿಲ್ಲ. "ಅವತ್ತು ನನ್ನ ಕೈಯಾಗೇ ನೂರಾ ಐವತ್ತಾರು ಬಂದಿತ್ತು. ನಾನು ಅದನ್ನ ಬಿಟ್ಟು ನಿಮ್ಮ ದುಂಡನೆ ಅಕ್ಷರ ನಂಬಿದೆ. ಎರಡು ವರ್ಷ ಆಯ್ತು, ಆ ಸೋಮವಾರನ ನಾನೂ ಮರೆತಿಲ್ಲ" ಎಂದರು. "ಹೊರಗೆ ಕೂಡ್ರಿ ಈಗ."

ಹೆಣ್ಣು ಕೂಸು. ಒಂದು ಕೆ.ಜಿ. ಎಂಟುನೂರಾ ಐವತ್ತು ಗ್ರಾಂ. ಹುಟ್ಟಿದ ತಕ್ಷಣ ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಿತಂತೆ. ಪಂಚಾಕ್ಷರಪ್ಪ ಆ ದನಿಯನ್ನು ಕೇಳಲಿಲ್ಲ, ಅನ್ನಪೂರ್ಣಮ್ಮ ಕೇಳಿದರು. ಆಕೆ ಹೊರಗೆ ಬಂದು ಗಂಡನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯ ಕುರ್ಚಿಯಲ್ಲಿ ಕೂತರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಹೇಳಿದರು: "ಎರಡು ವರ್ಷ ನಾನು ನನ್ನನ್ನೇ ಬೈಕೊಳ್ಳೋದು ಕೇಳ್ತಾ ಪೇಪರ್ ಓದಿದ್ರಲ್ಲ. ಹೆಂಗೆ ಓದಿದ್ರಿ ಅದನ್ನ?"

ಸಂಜೆ ಸಂತೋಷ ಬಂದು, ಬಹಳ ಮರ್ಯಾದೆಯಿಂದಲೇ, "ಮಾವ, ಅತ್ತೆ ಇಲ್ಲೇ ಇರ್ಲಿ. ನೀವು ಸ್ವಲ್ಪ ದಿನ ಊರಾಗಿರ್ರಿ. ಅವಳ ಬಿ.ಪಿ. ಇನ್ನೂ ಇಳಿದಿಲ್ಲ" ಎಂದ. ಗಾಜಿನ ಪೆಟ್ಟಿಗೆಯಲ್ಲಿರುವ ಮೊಮ್ಮಗಳನ್ನು ಒಮ್ಮೆ ಕಿಟಕಿಯಿಂದ ನೋಡಿ, ಪಂಚಾಕ್ಷರಪ್ಪ ಹರಿಹರದ ಬಸ್ಸು ಹತ್ತಿದರು.

ನಾಲ್ಕನೆಯ ದಿನ, ಬೆಳಿಗ್ಗೆ ಹತ್ತೂವರೆಗೆ ಅವರು ತಮಗೊಬ್ಬರಿಗೇ ಅನ್ನಕ್ಕಿಡುತ್ತಿದ್ದಾಗ ಫೋನ್ ಬಂತು. ನಯನಾ! ಒಲೆ ಆರಿಸುವುದನ್ನೂ ಮರೆತು ಫೋನ್ ಎತ್ತಿದರು.

"ಅಪ್ಪಾಜಿ." ಅವಳು ಅಳುತ್ತಿದ್ದಳು. ಚಿಕ್ಕವಳಿದ್ದಾಗ ಮೊಣಕಾಲು ತರಚಿಕೊಂಡು ಓಡಿಬಂದಾಗಲೂ ಇದೇ ದನಿ. "ಕೂಸಿನ ತೂಕ ಇಳಿದುಬಿಟ್ಟೈತೆ. ಹದಿನೆಂಟುನೂರಾ ಐವತ್ತಿತ್ತಲ್ಲ, ಇವತ್ತು ಹದಿನೇಳುನೂರಾ ನಲವತ್ತು. ಅಮ್ಮ ಕೆಳಗೆ ಹೋಗ್ಯಾಳೆ, ಡಾಕ್ಟರಮ್ಮ ರೌಂಡ್ಸಿಗೆ ಇನ್ನೂ ಬಂದಿಲ್ಲ. ಏನಾಗ್ತೈತೆ ಅಪ್ಪಾಜಿ ಇದಕ್ಕೆ?"

ಪಂಚಾಕ್ಷರಪ್ಪನವರಿಗೆ ಎದೆ ಹಗುರಾಯಿತು. ಇದು ಗೊತ್ತಿರುವ ವಿಷಯ. ಎಷ್ಟು ಬಾಣಂತಿಯರಿಗೆ ಇದನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದ್ದಾರೆ! "ಅಳಬ್ಯಾಡ ತಾಯಿ. ಹುಟ್ಟಿದ ಮೊದಲ ವಾರ ಎಲ್ಲಾ ಕೂಸಿಂದೂ ತೂಕ ಇಳೀತೈತೆ. ತಿಂಗಳು ತುಂಬದ ಕೂಸಿಂದು ಇನ್ನೊಂದಿಷ್ಟು ಜಾಸ್ತಿ ಇಳೀತೈತೆ. ಎರಡು ವಾರದಾಗೆ ಮತ್ತೆ ಅಲ್ಲಿಗೇ ಬರ್ತೈತೆ. ಹೆದರೋದು ಏನೂ ಇಲ್ಲ."

ಆ ಕಡೆ ಅಳು ನಿಂತಿತು. ಮಗಳು ಮೂಗು ಏರಿಸಿದ್ದು ಕೇಳಿಸಿತು. ಇನ್ನೇನು "ಹೌದಾ ಅಪ್ಪಾಜಿ" ಅನ್ನುತ್ತಾಳೆ, ಮೊದಲಿನ ಹಾಗೆ ನಗುತ್ತಾಳೆ ಎಂದು ಇವರು ಕಾದರು.

"ಇದು ನಿಜ ಹೇಳ್ತಿದ್ದೀಯೋ," ನಯನಾ ಕೇಳಿದಳು, "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯೋ?"

ಸಿಟ್ಟಿನಿಂದ ಕೇಳಿದ್ದಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

"ನಿಜನೇ ತಾಯಿ. ಆಣೆ ಮಾಡಿ ಹೇಳ್ತೀನಿ, ನಿಜನೇ."

ಆಸ್ಪತ್ರೆಯಲ್ಲಿ ಯಾವುದೋ ಟ್ರಾಲಿ ಹೋದ ಸದ್ದು ಬಂತು.

"ಇರಲಿ ಬಿಡು" ಎಂದಳು ಕೊನೆಗೆ. "ಡಾಕ್ಟರಮ್ಮ ಬರ್ತಾರೆ, ಅವರನ್ನ ಕೇಳ್ತೀನಿ."

ಒಲೆಯ ಮೇಲೆ ಅನ್ನದ ಗಂಜಿ ಉಕ್ಕಿ ಬೆಂಕಿಯ ಮೇಲೆ ಸುರಿಯುತ್ತಿತ್ತು. ಪಂಚಾಕ್ಷರಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಕೇಳು ತಾಯಿ" ಎಂದರು. "ಅವರನ್ನೇ ಕೇಳು."